ಮುಚ್ಚಳ ಇಲ್ದಿರೋ ತೊಟ್ಟಿಗೆ ಎಷ್ಟು ಎಚ್.ಪಿ. ಬೇಕು?

ಅಕ್ಕಂದಿರೆ, ಅತ್ತಿಗೇರೆ, ಈ ಸಲ ಹುಳಿಪುಡಿ ವಿಷ್ಯ ಇಲ್ಲ, ಜಗಳದ ವಿಷ್ಯ ಐತೆ. ನಂದಿ ಕಡೆ ಜಮೀನಿರೋ ನಮ್ಮ ನೆಂಟರಲ್ಲಿ ಈಗ ಒಂದೇ ಮಾತು. ತೋಟದಲ್ಲಿ ಎರಡು ರೂಮು ಕಟ್ಸಿ, ಒಂದು ಸ್ವಿಮ್ಮಿಂಗ್ ಪೂಲ್ ಹಾಕ್ಸಿಬಿಟ್ರೆ ಶನಿವಾರ ಭಾನುವಾರ ಬೆಂಗಳೂರೋರು ಬಂದು ಬೀಳ್ತಾರಂತೆ. ಬರ್ಲಿ, ನಾಲ್ಕು ಕಾಸು ಆಗ್ಲಿ, ನಂಗೇನು ಹೊಟ್ಟೆಕಿಚ್ಚಿಲ್ಲ. ಆದ್ರೆ ಆ ಪೂಲಿಗೆ ಪಂಪು, ಫಿಲ್ಟರು, ಹೀಟರು ಆರಿಸೋ ರೀತಿ ನೋಡಿದ್ರೆ ಮೈ ಉರಿಯುತ್ತೆ. ಕೊಟೇಶನ್ ಬಂದಾಗ ಗಂಡಸ್ರು ನೋಡೋದು ಟೈಲ್ಸ್ ಬಣ್ಣ, ಮೋಟ್ರಿನ ಎಚ್.ಪಿ. ಹೆಂಗಸ್ರನ್ನ ಕರೆಯೋದು ಕೊನೇಗೆ, ಒಡವೆ ಅಡ ಇಡೋಕೆ. ಒಡವೆ ನಮ್ದಾದ್ರೆ ಮೋಟ್ರು ಆರಿಸೋ ಮಾತಲ್ಲೂ ನಮ್ಗೆ ಪಾಲು ಇರ್ಬೇಕು.

ನಾವಿರೋ ಊರು ಎಂಥದ್ದು ಅನ್ನೋದು ಮೊದ್ಲು ನೆನಪಿರಲಿ. ನಂದಿ ಬೆಟ್ಟದ ಸುತ್ತ ಹುಟ್ಟೋ ನದಿಗಳ ಹೆಸರು ಹೇಳೋಕೆ ಬಾಯಿ ತುಂಬುತ್ತೆ: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ. ನಮ್ಮ ಜಿಲ್ಲೇಲಿ ವರ್ಷಪೂರ್ತಿ ಹರಿಯೋದು ಒಂದೂ ಇಲ್ಲ. ಗೌರಿಬಿದನೂರಾಗ್ಲಿ, ಚಿಂತಾಮಣಿಯಾಗ್ಲಿ, ಶಿಡ್ಲಘಟ್ಟವಾಗ್ಲಿ, ಬೋರು ಸಾವಿರ ಅಡಿ ದಾಟಿದ್ರೂ ನೀರು ಸಿಗೋದು ಅದೃಷ್ಟ. ಸಿಕ್ಕಿದ್ರಲ್ಲೂ ಎಷ್ಟೋ ಕಡೆ ಫ್ಲೋರೈಡು. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ, ಎಚ್.ಎನ್. ವ್ಯಾಲಿ ಪೈಪಲ್ಲಿ ತಂದು ನಮ್ಮ ಕಂದವಾರ ಕೆರೆ ತುಂಬ್ಸೋ ಕಾಲ ಇದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಈಜುಕೊಳಕ್ಕೆ ಕುಡಿಯೋ ನೀರು ಬಳಸಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡ್ತು. ಅಲ್ಲಿ ಬ್ಯಾಡ ಅಂದ ಆಟವನ್ನ ಇಲ್ಲಿ ನಮ್ಮ ಬೋರಿನ ಮೇಲೆ ಆಡ್ಸೋಕೆ ಹೊರಟವ್ರೆ.

ಈಗ ಲೆಕ್ಕಕ್ಕೆ ಬನ್ನಿ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಚಿಕ್ಕ ಪೂಲು ಅಂದ್ರೂ ಸುಮಾರು 22,600 ಲೀಟರ್. 6,000 ಲೀಟರಿನ ಟ್ಯಾಂಕರಲ್ಲಿ ನಾಲ್ಕು ಲೋಡು ಹತ್ರ. ಅಷ್ಟೂ ನೀರು 6ರಿಂದ 8 ಗಂಟೇಲಿ ಒಂದು ಸಲ ಫಿಲ್ಟರ್ ಹಾದು ಬಂದ್ರೆ ಸಾಕು. ಅಂದ್ರೆ ಗಂಟೆಗೆ 4,000 ಲೀಟರ್‌ಗೂ ಕಮ್ಮಿ. ಅದಕ್ಕೆ ಅರ್ಧ ಎಚ್.ಪಿ. ಪಂಪು ಧಾರಾಳ. ನಮ್ಮ ನೆಂಟರ ಮನೆಗೆ ಬಂದ ಕೊಟೇಶನ್‌ನಲ್ಲಿ ಬರೆದಿದ್ದು ಒಂದೂವರೆ ಎಚ್.ಪಿ.! ಯಾಕಪ್ಪಾ ಅಂದ್ರೆ "ಪವರ್ ಇರ್ಲಿ ಬಿಡಿ ಮೇಡಂ" ಅಂದ್ರು.

ಪವರ್ ಯಾತಕ್ಕೆ? ಬೋರಿನ ಮೋಟ್ರು ಸಾವಿರ ಅಡಿಯಿಂದ ನೀರು ಮೇಲಕ್ಕೆ ಎತ್ಬೇಕು, ಅದಕ್ಕೆ ಎಚ್.ಪಿ. ಬೇಕು. ಪೂಲಿನ ಪಂಪು ಇದ್ದ ನೀರನ್ನ ಇದ್ದಲ್ಲೇ ಸುತ್ತಿಸೋದು. ನಮ್ಮ ಕಡೆ ಎಚ್.ಪಿ. ಅಂದ್ರೆ ಮೀಸೆ ಇದ್ದಂಗೆ, ಜಾಸ್ತಿ ಇದ್ದಷ್ಟೂ ಮರ್ಯಾದೆ ಅಂದ್ಕೊಂಡವ್ರೆ. ಮನೇಲಿ ಕಾಫಿ ಫಿಲ್ಟರ್ ಇರೋರಿಗೆ ಇದು ಹೇಳ್ಕೊಡಬೇಕಾ? ನೀರು ಮೆಲ್ಲಗೆ ಇಳಿದ್ರೇ ಡಿಕಾಕ್ಷನ್ ಚೆನ್ನಾಗಿ ಬರೋದು, ಒತ್ತಿದ್ರೆ ಪುಡಿನೂ ಇಳಿಯುತ್ತೆ. ಚಿಕ್ಕ ಫಿಲ್ಟರಿಗೆ ದೊಡ್ಡ ಪಂಪು ಹಾಕಿದ್ರೆ ಕೊಳೆ ಮರಳು ದಾಟಿ ವಾಪಸ್ ಪೂಲಿಗೇ ಬರುತ್ತೆ. ಫಿಲ್ಟರ್ ದೊಡ್ಡದು, ಪಂಪು ಚಿಕ್ಕದು, ಇದೇ ಸರಿಯಾದ ಜೋಡಿ. ವೇಗ ತಗ್ಗಿಸೋ ಪಂಪು ಸಿಕ್ಕಿದ್ರೆ ಇನ್ನೂ ಒಳ್ಳೇದು. ವೇಗ ಅರ್ಧ ಮಾಡಿದ್ರೆ ಪಂಪು ಎಳೆಯೋ ಶಕ್ತಿ ಹೆಚ್ಚುಕಮ್ಮಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಕರೆಂಟಿಗೆ ಬರ ಇಲ್ದಿರೋ ಅಮೆರಿಕದೋರೇ 2021ರ ಜುಲೈನಿಂದ ಪೂಲ್ ಪಂಪಿಗೆ ಉಳಿತಾಯದ ನಿಯಮ ಜಾರಿ ಮಾಡವ್ರೆ.

ಫಿಲ್ಟರ್ ವಿಷ್ಯಕ್ಕೆ ಬಂದ್ರೆ, ಎಲ್ಲರೂ ಕೊಡೋದು ಮರಳಿನ ಫಿಲ್ಟರು. ಗಟ್ಟಿಮುಟ್ಟು, ವರ್ಷಗಟ್ಟಲೆ ಬರುತ್ತೆ, ಒಪ್ತೀನಿ. ಆದ್ರೆ ಅದನ್ನ ತೊಳೆಯೋಕೆ ನೀರು ಉಲ್ಟಾ ಬಿಡ್ಬೇಕು, ಬ್ಯಾಕ್‌ವಾಶ್ ಅಂತಾರೆ. ಗಂಟೆಗೆ 15,000 ಲೀಟರ್ ತಳ್ಳೋ ಪಂಪಲ್ಲಿ 3 ನಿಮಿಷ ಬಿಟ್ರೆ 750 ಲೀಟರ್ ಮೋರಿಗೆ. 15 ಲೀಟರಿನ 50 ಕೊಡ! ಕಾರ್ಟ್ರಿಡ್ಜ್ ಫಿಲ್ಟರಾದ್ರೆ ಬಿಚ್ಚಿ, ಪೈಪ್ ಹಿಡಿದು ತೊಳೆದ್ರೆ ಕೆಲವೇ ಬಕೆಟ್ಟಲ್ಲಿ ಮುಗೀತು. ಅದಕ್ಕೂ ಕಷ್ಟ ಐತೆ: ನಮ್ಮ ಗಡಸು ನೀರಿಗೆ ಬೇಗ ಕಟ್ಕೊಳ್ಳುತ್ತೆ, ಆಗಾಗ ಹೊಸದು ಹಾಕ್ಬೇಕು. ಆದ್ರೂ ಚಿಕ್ಕ ಪೂಲಿಗೆ ನನ್ನ ಓಟು ಅದಕ್ಕೇ. ಕಾರ್ಟ್ರಿಡ್ಜ್ ಅಂಗಡೀಲಿ ಸಿಗುತ್ತೆ, ನೀರು ಸಿಗಲ್ಲ.

ಇನ್ನು ಹೀಟರು. ಅಷ್ಟು ನೀರು ಬರೀ 5 ಡಿಗ್ರಿ ಬೆಚ್ಚಗೆ ಮಾಡೋಕೆ ಸುಮಾರು 130 ಯೂನಿಟ್ ಶಾಖ ಬೇಕು. ಕಾಯಿಲ್ ಹೀಟರಾದ್ರೆ ಅಷ್ಟೂ ಮೀಟರಿಗೆ ಬಿತ್ತು. ಹೀಟ್ ಪಂಪ್ ಆದ್ರೆ ಅದರ ಕಾಲು ಭಾಗ. ಸರಿ, ಕಾಯಿಸಿದ್ರಿ, ಆಮೇಲೆ? ತೆರೆದ ಪೂಲಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾಯ್ತು ಅಂದ್ರೂ 90 ಲೀಟರ್ ಹೋಯ್ತು. ಆ ಆವಿ ಜೊತೆ 60 ಯೂನಿಟ್ ಶಾಖಾನೂ ಹೋಯ್ತು. ನೀರು ಎರಡು ಡಿಗ್ರಿ ತಣ್ಣಗಾಗೋಕೆ ಅಷ್ಟು ಸಾಕು. ಎಸ್ರು ತಪ್ಪಲೆ ಮೇಲೆ ತಟ್ಟೆ ಮುಚ್ಚದೆ ಉರಿ ಹೆಚ್ಚಿಸೋ ಸೊಸೇನ ನಾವು ಸುಮ್ನೆ ಬಿಡ್ತೀವಾ? ಇದೂ ಅಂಗೇ ಅಲ್ವಾ? ಆವಿಯಾದಾಗ ನೀರು ಹೋಗುತ್ತೆ, ಸುಣ್ಣ ಉಳಿಯುತ್ತೆ. ಮೇಲೆ ಮತ್ತೆ ಗಡಸು ನೀರು ತುಂಬ್ತೀರಿ. ಗೀಸರ್ ಕಾಯಿಲಿಗೆ ಬೆಳ್ಳಗೆ ಕಟ್ಟೋದು ನೋಡಿದೀವಲ್ಲ, ಇಲ್ಲೂ ಅದೇ ಗತಿ.

ಅದಕ್ಕೇ ನಾನು ಹೇಳೋದು: ಹೀಟರ್ ಬ್ಯಾಡ, ಮುಚ್ಚಳ ತನ್ನಿ. ನೀರಿನ ಮೇಲೆ ತೇಲೋ ಬಬಲ್ ಶೀಟು ಐತಲ್ಲ, ಅದು ಆವಿಯಾಗೋದ್ರಲ್ಲಿ ಬಹುಪಾಲು ತಡೆಯುತ್ತೆ, ಬಿಸಿಲಿನ ಶಾಖ ಹಿಡ್ಕೊಳ್ಳುತ್ತೆ, ಎಲೆ ಧೂಳು ಬೀಳೋಕೆ ಬಿಡಲ್ಲ. ಅಷ್ಟು ದೊಡ್ಡ ಕೊಟೇಶನ್‌ನಲ್ಲಿ ಇರ್ಲಿಲ್ಲದಿದ್ದ ಸಾಮಾನು ಇದೊಂದೇ. ಒಂದು ಎಚ್ಚರ: ಆ ಶೀಟು ಮಕ್ಕಳ ಭಾರ ತಡೆಯಲ್ಲ, ಅದರ ಕೆಳಗೆ ಸಿಕ್ಕೊಂಡ್ರೆ ಮೇಲಿಂದ ಕಾಣಲ್ಲ. ಸುತ್ತ ಬೇಲಿ, ಗೇಟಿಗೆ ಚಿಲಕ ಇರ್ಲೇಬೇಕು.

"ದುಡ್ಡು ಬರುತ್ತಲ್ಲಮ್ಮ, ನಿಂಗ್ಯಾಕೆ?" ಅಂತಾರೆ. ದುಡ್ಡು ಬರೋದು ವಾರಕ್ಕೆ ಎರಡು ದಿನ. ಬೋರು ಕೈ ಕೊಟ್ಟ ದಿನ ಟ್ಯಾಂಕರಿಗೆ ಫೋನ್ ಮಾಡೋದು, ರಾತ್ರಿ ಮೂರಕ್ಕೆ ಕರೆಂಟ್ ಬಂತಾ ಅಂತ ಎದ್ದು ನೋಡೋದು, ಹಸಕ್ಕೆ ನೀರಿಲ್ಲ ಅಂತ ಬಿಂದಿಗೆ ಹಿಡ್ಕೊಂಡು ಪಕ್ಕದ ತೋಟಕ್ಕೆ ಹೋಗೋದು ಯಾರು? ಹಿಪ್ಪುನೇರಳೆಗೆ ನೀರು ಸಾಲದೆ ಹೋದ್ರೆ ಹುಳ ಮೇಯ್ಸೋರು ಯಾರು? ಬೆಂಗಳೂರೋರು ಭಾನುವಾರ ಸಾಯಂಕಾಲ ಕಾರು ಹತ್ತಿ ಹೋಗ್ತಾರೆ.

ನಿಮ್ಮನೇಲಿ ಈ ಮಾತು ಎದ್ರೆ, ಬಳೆ ಬಿಚ್ಚೋಕೆ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಬ್ಯಾಸಗೇಲಿ ನಮ್ಮ ಬೋರು ಮನೆ, ದನ, ಬೆಳೆ ಮೂರಕ್ಕೂ ಸಾಲುತ್ತಾ? ಪೂಲು ಎಷ್ಟು ಲೀಟರ್, ಪಂಪು ಗಂಟೆಗೆ ಎಷ್ಟು ಲೀಟರ್? ಫಿಲ್ಟರ್ ತೊಳೆಯೋಕೆ ವಾರಕ್ಕೆ ಎಷ್ಟು ನೀರು? ಮುಚ್ಚಳ, ಬೇಲಿ ಎರಡೂ ಬರ್ದವ್ರಾ? ಮೊದಲನೇ ಪ್ರಶ್ನೆಗೇ ಇಲ್ಲ ಅಂತ ಉತ್ತರ ಬಂದ್ರೆ ಉಳಿದ ಮೂರು ಕೇಳೋ ಅಗತ್ಯವೇ ಇಲ್ಲ, ಆ ಜಾಗದಲ್ಲಿ ಎರಡು ಮಾವಿನ ಗಿಡ ನೆಡ್ಲಿ. ಉತ್ತರ ಸರಿಯಾಗಿ ಬರೋ ತನಕ ಬೀರು ಬೀಗದ ಕೈ ನಿಮ್ಮ ಸೊಂಟದಲ್ಲೇ ಇರ್ಲಿ.