ಲಕ್ವ ಹೊಡೆದವರ ಚೇತರಿಕೆಯ ಅಂದಾಜನ್ನು ಬರೆದುಕೊಡುವಂತೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಆರೋಗ್ಯ ಸೌಧ, ಬೆಂಗಳೂರು.

ವಿಷಯ: ಪಾರ್ಶ್ವವಾಯು ಪೀಡಿತರ ಕೈಕಾಲು ಎಷ್ಟರಮಟ್ಟಿಗೆ ಚೇತರಿಸಬಹುದೆಂಬುದನ್ನು ಮೂರನೇ ದಿನವೇ ಪರೀಕ್ಷಿಸಿ, ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ದಾಖಲಿಸುವ ಬಗ್ಗೆ.

ಮಾನ್ಯರೇ,

ನಾವು ಪಾರ್ಶ್ವವಾಯು ಪೀಡಿತರ ಮನೆಯವರು ಮತ್ತು ಅವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟರು. ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಸಿಗಬೇಕೆಂದು ಇಲಾಖೆ ಶ್ರಮಿಸುತ್ತಿರುವುದಕ್ಕೆ ನಾವು ಕೃತಜ್ಞರು. ನಮ್ಮ ಅಹವಾಲು ಜೀವ ಉಳಿದ ನಂತರದ್ದು. ವಾರ್ಡಿನಲ್ಲಿ ಮನೆಯವರು ಕೇಳುವುದು ಒಂದೇ ಮಾತು: "ಡಾಕ್ಟ್ರೇ, ಕೈ ಬರುತ್ತಾ? ಎದ್ದು ಓಡಾಡ್ತಾರಾ?" ಬಹಳ ಸಲ ಸಿಗುವ ಉತ್ತರ, "ನೋಡೋಣ, ಈಗಲೇ ಹೇಳೋಕಾಗಲ್ಲ."

ಅಷ್ಟನ್ನೇ ಕೇಳಿಸಿಕೊಂಡು ಊರಿಗೆ ಹೋದವರು ಏನೆಂದು ತೀರ್ಮಾನಿಸಬೇಕು? ಮಗಳು ಗಾರ್ಮೆಂಟ್ಸ್ ಕೆಲಸ ಬಿಡಬೇಕೇ, ಕರೆಯುವ ಹಸು ಮಾರಬೇಕೇ, ಮನೆಯಲ್ಲಿ ಕಮೋಡ್ ಹಾಕಿಸಬೇಕೇ? ಎಣ್ಣೆ ತಿಕ್ಕಿಸಲು ಊರೂರು ಅಲೆದು ಸಾಲಗಾರರಾದವರನ್ನು ನಾವು ಬಲ್ಲೆವು. ವ್ಯಾಯಾಮದ ಫಲ ಹೆಚ್ಚು ಕಾಣುವ ಮೊದಲ ಮೂರು ತಿಂಗಳು ಹೀಗೆ ಅಲೆದಾಟದಲ್ಲೇ ಕಳೆದುಹೋಗುತ್ತವೆ.

ಮುಂದೇನಾಗಬಹುದೆಂದು ಬಹುಮಟ್ಟಿಗೆ ಹೇಳಲು ಸಾಧ್ಯವಿದೆ, ಅದಕ್ಕೆ ಸ್ಕ್ಯಾನಿಂಗ್ ಬೇಕಿಲ್ಲ. ಮೂರನೇ ದಿನ ಮಂಚದ ಪಕ್ಕ ನಿಂತು, ಸೋತ ತೋಳನ್ನು ಪಕ್ಕಕ್ಕೆ ಎತ್ತಲು, ಮಡಚಿದ ಬೆರಳು ಬಿಡಿಸಲು ಹೇಳಬೇಕು. ಮಾತು ಅರ್ಥವಾಗದವರಿಗೆ ಮಾಡಿ ತೋರಿಸಬೇಕು. ಎರಡಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ, ಒಟ್ಟು ಹತ್ತು. ಇದೇ 'ಸೇಫ್' ಅಂಕ. ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದ ಕ್ಯಾಥಿ ಸ್ಟಿನಿಯರ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ 'ಪ್ರೆಪ್-2' ವಿಧಾನದ ಮೊದಲ ಮೆಟ್ಟಿಲೂ ಇದೇ. ಮೊತ್ತ ಐದು ಅಥವಾ ಹೆಚ್ಚಿದ್ದು, ವಯಸ್ಸು 80ರೊಳಗಿದ್ದರೆ, ಮೂರು ತಿಂಗಳಲ್ಲಿ ಕೈ ಬಹುಪಾಲು ಮೊದಲಿನಂತಾಗುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಈ ವಿಧಾನದ ಅಂದಾಜು ನಾಲ್ವರಲ್ಲಿ ಸುಮಾರು ಮೂವರ ವಿಷಯದಲ್ಲಿ ಸರಿಬರುತ್ತದೆ. ಕಾಲಿನ ವಿಷಯಕ್ಕೂ ನೆದರ್ಲೆಂಡ್ಸ್‌ನ ಅಧ್ಯಯನವಿದೆ: ಮೊದಲ 72 ಗಂಟೆಯಲ್ಲಿ ಆಸರೆಯಿಲ್ಲದೆ 30 ಸೆಕೆಂಡು ಕೂರಬಲ್ಲ, ಕಾಲಲ್ಲಿ ತುಸು ಬಲವಿರುವ ರೋಗಿಗಳಲ್ಲಿ ಬಹುತೇಕ ಎಲ್ಲರೂ ಆರು ತಿಂಗಳಲ್ಲಿ ಸ್ವತಂತ್ರವಾಗಿ ನಡೆದರು.

ಆದ್ದರಿಂದ ಎಲ್ಲ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಎರಡು ಪರೀಕ್ಷೆಗಳನ್ನು ಕಡ್ಡಾಯ ಮಾಡಿ, ಫಲಿತಾಂಶವನ್ನೂ ಅದರ ಅರ್ಥವನ್ನೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಬೇಕು. ಮನೆಯವರನ್ನು ಕೂರಿಸಿಕೊಂಡು ವಿವರಿಸಬೇಕು. ಇದಕ್ಕೆ ಬೇಕಾದ ತರಬೇತಿಯನ್ನು ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದಡಿಯಲ್ಲೇ ಕೊಡಿಸಬಹುದು. ಅಂಕ ಐದಕ್ಕಿಂತ ಕಡಿಮೆ ಬಂದವರಿಗೆ, ಮೆದುಳಿನ ಸಂದೇಶ ಕೈಗೆ ತಲುಪುತ್ತಿದೆಯೇ ಎಂದು ನೋಡುವ ಟಿಎಂಎಸ್ ಯಂತ್ರದ ಪರೀಕ್ಷೆ ಬೇಕಾಗುತ್ತದೆ. ಅದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ವಿಭಾಗಗಳಲ್ಲಿ ತಲಾ ಒಂದು ಸರ್ಕಾರಿ ಆಸ್ಪತ್ರೆಯಲ್ಲಾದರೂ ಉಚಿತವಾಗಿ ಸಿಗಲಿ.

ಇಲ್ಲಿ ನಾವು ಒತ್ತಿ ಹೇಳಬೇಕಾದ ಮಾತೊಂದಿದೆ. ಅಂಕ ಕಡಿಮೆ ಬಂತೆಂದು ಯಾರ ಫಿಸಿಯೋಥೆರಪಿಯನ್ನೂ ನಿಲ್ಲಿಸಕೂಡದು, ಯಾವ ಯೋಜನೆಯ ನೆರವನ್ನೂ ತಡೆಯಕೂಡದು. ಎರಡನೇ ದಿನ ತೋಳೂ ಬೆರಳೂ ಅಲುಗದವರಲ್ಲೂ ನೂರಕ್ಕೆ ಸುಮಾರು 25 ಮಂದಿಗೆ ಆರು ತಿಂಗಳಲ್ಲಿ ಕೈ ಒಂದಿಷ್ಟು ಬಳಕೆಗೆ ಬಂದದ್ದನ್ನು ನೆದರ್ಲೆಂಡ್ಸ್‌ನ ಸಂಶೋಧಕರೇ ದಾಖಲಿಸಿದ್ದಾರೆ. ಆ ಇಪ್ಪತ್ತೈದು ಮಂದಿಯನ್ನು ಒಂದು ಅಂಕಕ್ಕಾಗಿ ಕೈಬಿಡುವುದು ಅನ್ಯಾಯ. ಅಂದಾಜು ಇರಬೇಕಾದದ್ದು ಚಿಕಿತ್ಸೆ ಹೇಗಿರಬೇಕೆಂದು ಯೋಜಿಸಲು: ಯಾರಿಗೆ ಸೋತ ಕೈಯ ಅಭ್ಯಾಸ ಹೆಚ್ಚಬೇಕು, ಯಾರಿಗೆ ಒಂದೇ ಕೈಯಲ್ಲಿ ಅಂಗಿ ತೊಡುವುದನ್ನು, ಊಟ ಮಾಡುವುದನ್ನು ಈಗಲೇ ಕಲಿಸಬೇಕು ಎಂದು. ಕೈ ಪೂರ್ತಿ ಬರಲಾರದೆಂದು ಕಂಡ ಕುಟುಂಬಕ್ಕೆ ಅಂಗವಿಕಲರ ಗುರುತಿನ ಚೀಟಿ, ಪಿಂಚಣಿಯ ದಾರಿಯನ್ನೂ ಆಸ್ಪತ್ರೆಯೇ ತಿಳಿಸಬೇಕು.

ಮೇಲಿನ ಅಂಕಿಗಳು ಹೊರದೇಶದವು. ಅಲ್ಲಿಯ ರೋಗಿಗೆ ಸಿಗುವಷ್ಟು ವ್ಯಾಯಾಮ ನಮ್ಮಲ್ಲಿ ಸಿಗುವುದಿಲ್ಲ. ಹಾಗಾಗಿ ಆಶಾ ಕಾರ್ಯಕರ್ತೆಯರಿಗೆ ಪ್ರತ್ಯೇಕ ಪ್ರೋತ್ಸಾಹಧನ ಕೊಟ್ಟು, ಮೂರು ತಿಂಗಳಿಗೂ ಆರು ತಿಂಗಳಿಗೂ ಪ್ರತಿ ರೋಗಿಯ ಸ್ಥಿತಿ ದಾಖಲಾಗುವಂತೆ ಮಾಡಬೇಕು. ಬಟ್ಟಲು ಎತ್ತುತ್ತಾರೆಯೇ, ಗುಂಡಿ ಹಾಕಿಕೊಳ್ಳುತ್ತಾರೆಯೇ, ಬಚ್ಚಲಿಗೆ ಒಬ್ಬರೇ ಹೋಗುತ್ತಾರೆಯೇ ಎಂಬ ವಿವರಗಳು ಸಾಕು. ಅದರ ಮೇಲೆ ನಮ್ಮ ಜನಕ್ಕೆ ಹೊಂದುವ ಅಂದಾಜನ್ನು ರಾಜ್ಯವೇ ರೂಪಿಸಿಕೊಳ್ಳಲಿ.

ಕೈಕಾಲಿನ ಆ ಎರಡು ಪರೀಕ್ಷೆಗಳನ್ನು ಕಡ್ಡಾಯ ಮಾಡುವ ಸುತ್ತೋಲೆಗೆ ಹೊಸ ಅನುದಾನ ಬೇಕಿಲ್ಲವಾದ್ದರಿಂದ ಅದನ್ನು ಕೂಡಲೇ ಹೊರಡಿಸಿ, ಉಳಿದ ಬೇಡಿಕೆಗಳ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಕೆಳಗೆ ಸಹಿ ಮಾಡಿರುವ ರೋಗಿಗಳ ಕುಟುಂಬದವರು ಮತ್ತು ಫಿಸಿಯೋಥೆರಪಿಸ್ಟರು