ಲಕ್ಷ್ಮಣ 167, ಅಲ್ಲಲ್ಲ 281

ದೀಪಾವಳಿಗೆ ಜೇವರ್ಗಿಗೆ ಹೋದಾಗಲೆಲ್ಲ ಅವ್ವ ಮೊದಲು ಚಹಾ ಕೊಡುತ್ತಾಳೆ, ಆಮೇಲೆ ನನ್ನ ಹಳೇ ಸಾಮಾನಿನ ವಿಚಾರಣೆ ಶುರು ಮಾಡುತ್ತಾಳೆ. ಈ ಸಲ ಬಿಸ್ಕೀಟಿನ ತಗಡಿನ ಡಬ್ಬಿಯೊಂದನ್ನು ಮುಂದಿಟ್ಟು, "ಇದ್ರಾಗ ಏನದ ನೋಡಿ ಹೇಳು. ಬ್ಯಾಡಂದ್ರ ರದ್ದಿಯವಗ ಹಾಕ್ತೀನಿ" ಅಂದಳು.

ಮುಚ್ಚಳ ತೆಗೆದರೆ ನನ್ನ ಆಸ್ತಿಪಾಸ್ತಿ ಎಲ್ಲ ಅಲ್ಲೇ ಇತ್ತು. ಕ್ರಿಕೆಟ್ ಟ್ರಂಪ್ ಕಾರ್ಡು, ಕುಸ್ತಿ ಪೈಲ್ವಾನರ ಟ್ರಂಪ್ ಕಾರ್ಡು, ಎರಡು ಗೋಲಿ, ಕರಗಿ ಅಂಟಿಕೊಂಡ ಒಂದು ರಬ್ಬರ್ ಬ್ಯಾಂಡು. ಒಟ್ಟು ಕಾರ್ಡು 61. ನೆಲದ ಮೇಲೆ ಹರಡಿಕೊಂಡು ಕೂತವನು ಮಧ್ಯಾಹ್ನದ ಊಟಕ್ಕೇ ಎದ್ದೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಪ್ರತಿ ಕಾರ್ಡಿನ ಮೇಲೆ ಒಬ್ಬ ಆಟಗಾರನ ಫೋಟೋ, ಕೆಳಗೆ ಪಂದ್ಯ, ರನ್, ಗರಿಷ್ಠ ರನ್, ವಿಕೆಟ್ ಹೀಗೆ ಲೆಕ್ಕ. ಎಲೆಗಳನ್ನು ಹಂಚಿಕೊಂಡು, ಮೇಲಿನ ಎಲೆ ಹಿಡಿದು ಒಂದು ಲೆಕ್ಕ ಕೂಗಬೇಕು. ಯಾರದು ದೊಡ್ಡದೋ ಅವರು ಎದುರಿನವರ ಎಲೆ ನುಂಗುತ್ತಾರೆ. ಕುಂಬ್ಳೆ ಕೈಗೆ ಬಂದರೆ ವಿಕೆಟ್ ಕೂಗು, ಸಚಿನ್ ಬಂದರೆ ಕಣ್ಣು ಮುಚ್ಚಿ ರನ್ ಕೂಗು. ಕುಸ್ತಿ ಕಾರ್ಡಿನಲ್ಲಿ ಎತ್ತರ, ತೂಕ, ಎದೆ ಸುತ್ತಳತೆ. ಗಣಿತದ ಮೇಷ್ಟ್ರು ಕಲಿಸಲಾಗದ "ದೊಡ್ಡದು ಯಾವುದು, ಚಿಕ್ಕದು ಯಾವುದು" ನಮಗೆ ಇದರಿಂದಲೇ ಬಂತು.

ಕಾರ್ಡು ಸಿಗುತ್ತಿದ್ದ ಜಾಗಗಳೂ ನೆನಪಿವೆ. ಜೇವರ್ಗಿಯಲ್ಲಿ ಬಸ್ ಸ್ಟ್ಯಾಂಡ್ ಬಾಜೂಕಿನ ಅಂಗಡಿ. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಅಪ್ಪನ ಜೊತೆ ದತ್ತಾತ್ರೇಯ ದರ್ಶನಕ್ಕೆ ಹೋದರೆ, ಸಂಗಮದಲ್ಲಿ ಸ್ನಾನ ಆದಮೇಲೆ ಆಟಿಗೆ ಸಾಮಾನಿನ ಅಂಗಡಿ. ಆಳಂದದಲ್ಲಿ ಅಜ್ಜಿ ಮನೆ. ಲಾಡ್ಲೆ ಮಶಾಕ್ ದರ್ಗಾದ ಉರುಸಿಗೆ ಹೋದರೆ ಅಲ್ಲಿನ ಸಾಲಂಗಡಿ. ಒಂದೊಂದು ಕಡೆ ಒಂದೊಂದು ತರಹದ ಮುದ್ರಣ. ಅಗ್ಗದ ಕಟ್ಟಿನಲ್ಲಿ ಒಬ್ಬನ ಹೆಸರಿಗೆ ಇನ್ನೊಬ್ಬನ ಫೋಟೋ. ಆ ತಪ್ಪು ಕಾರ್ಡುಗಳ ಮೇಲೆ ನಮಗೆ ಇನ್ನೂ ಪ್ರೀತಿ ಜಾಸ್ತಿ.

ಕಾರ್ಡಿನ ವಯಸ್ಸು ಹುಡುಕುವುದೂ ಒಂದು ಮಜಾ. ಕುಸ್ತಿ ಕಂಪನಿ 2002ರ ಮೇ ತಿಂಗಳಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಹೆಸರು ಬಿಟ್ಟು ಡಬ್ಲ್ಯೂಡಬ್ಲ್ಯೂಇ ಆಯಿತು. ಹಾಗಾಗಿ ಹಳೇ ಅಕ್ಷರ ಇದ್ದರೆ ಸಾಮಾನ್ಯವಾಗಿ ಅದಕ್ಕಿಂತ ಮುಂಚಿನದು. ಕ್ರಿಕೆಟ್ ಕಾರ್ಡಿಗೆ ಗರಿಷ್ಠ ರನ್ನೇ ಜಾತಕ.

ನಮ್ಮ ಕಾಕಾನದು ಇನ್ನೂ ಹಳೇ ಚಟ. 1987ರ ವಿಶ್ವಕಪ್ಪು ಭಾರತ, ಪಾಕಿಸ್ತಾನದಲ್ಲಿ ನಡೆದ ಕಾಲಕ್ಕೆ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತಂತೆ. ಗಮ್ ಅಗಿದು ಅಗಿದು ದವಡೆ ನೋವು, ಚಿತ್ರ ಮಾತ್ರ ಪುಸ್ತಕದ ನಡುವೆ ಭದ್ರ. "ಸೆಮಿಫೈನಲ್‌ನ್ಯಾಗ ಇಂಗ್ಲೆಂಡ್ ನಮ್ಮನ್ನ ಸೋಲಿಸ್ದಾಗ ಸಿಟ್ಟಿಗೆ ಅರ್ಧ ಹರದು ಒಗದೆ" ಅಂತ ಈಗಲೂ ಹಳಹಳಿಸುತ್ತಾನೆ.

ಹರಿದು ಒಗೆಯುವುದರಲ್ಲಿ ನಮ್ಮ ಕಾಕಾ ಒಬ್ಬನೇ ಅಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಕಾರ್ಡಿನದು ದೊಡ್ಡ ಸಂಪ್ರದಾಯ. ಅಲ್ಲಿನ ಟಾಪ್ಸ್ ಕಂಪನಿಯೂ ಬಬಲ್ ಗಮ್ ಜೊತೆಗೇ ಕಾರ್ಡು ಮಾರುತ್ತಿತ್ತು. 1952ರ ಕಾರ್ಡು ಪೂರ್ತಿ ಖರ್ಚಾಗದೆ ಗೋದಾಮಿನಲ್ಲಿ ಉಳಿದವು. ಜಾಗ ಖಾಲಿ ಮಾಡಲು 1960ರಲ್ಲಿ ಅವನ್ನು ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದೆವು ಅಂತ ಆ ಕಾರ್ಡು ರೂಪಿಸಿದ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದರು. ಅದೇ ವರ್ಷದ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಒಂದು ಕಾರ್ಡು 2022ರ ಆಗಸ್ಟಿನಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು ನೂರು ಕೋಟಿ ರೂಪಾಯಿ!

ಇದನ್ನು ಹೇಳಿದಾಗ ಅವ್ವ ಡಬ್ಬಿಯನ್ನು ಬೇರೆ ಕಣ್ಣಿನಿಂದ ನೋಡಿದಳು. "ಹಂಗಾರ ನಿನ್ನವು ಎಷ್ಟಕ್ಕ ಹೋಗ್ತಾವ?"

ಹೋಗುವುದಿಲ್ಲ ಅವ್ವಾ. ದುಬಾರಿ ಕಾರ್ಡಿನ ವ್ಯವಹಾರದಲ್ಲಿ ಮೂಲೆ ಮೊಂಡಾಗಿದೆಯಾ, ಗೀರು ಬಿದ್ದಿದೆಯಾ, ಚಿತ್ರ ನಟ್ಟನಡುವೆ ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುತ್ತಾರೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡುತ್ತಾರೆ. ನನ್ನವಕ್ಕೆ ಹತ್ತಕ್ಕೆ ಒಂದು ಬಂದರೂ ಕೃಪಾಂಕ. ಚಡ್ಡಿ ಕಿಸೆಯಲ್ಲಿ ಬೆವರು ಕುಡಿದವು, ರಬ್ಬರ್ ಬ್ಯಾಂಡು ಕಚ್ಚಿ ಅಂಚು ಸೀಳಿದವು.

ಅದರಲ್ಲೂ ಒಂದು ಕಾರ್ಡಿನ ಮೇಲೆ ಬಾಲ್ ಪೆನ್ನಿನ ಗೀಚು. ವಿವಿಎಸ್ ಲಕ್ಷ್ಮಣ್. ಗರಿಷ್ಠ ರನ್ ಅನ್ನುವಲ್ಲಿ 167 ಅಂತ ಅಚ್ಚಾಗಿದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ 281 ಅಂತ ಬರೆದಿದೆ. ಅಕ್ಷರ ನನ್ನದಲ್ಲ.

ಅದು ನನ್ನ ಗೆಳೆಯನದು. ಅವನ ಊರು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿ. ಸಾಲಿ ಕಲಿಯಲು ಜೇವರ್ಗಿಯಲ್ಲಿ ಸೋದರಮಾವನ ಮನೆಯಲ್ಲಿ ಇದ್ದ. ನಾವು ಎಂಟು ವರ್ಷದವರು. ಅವನ ಹತ್ತಿರ ಇದ್ದದ್ದು ಮಾವನ ಮಗ ಆಡಿ ಬಿಟ್ಟ ಹಳೇ ಕಟ್ಟು. ಒಂದು ದಿನ ಅವನು ಲಕ್ಷ್ಮಣನನ್ನು ಹಿಡಿದು "ಗರಿಷ್ಠ ರನ್" ಅಂತ ಕೂಗಿದ. ನನ್ನ ಕೈಯಲ್ಲಿ ಅಜರುದ್ದೀನ್, 199. ಇಬ್ಬರೂ ಹೈದರಾಬಾದಿನವರು, ಹೈದರಾಬಾದ್ ಕರ್ನಾಟಕದ ನಮಗೆ ಇಬ್ಬರೂ ಮನೆಯವರಿದ್ದ ಹಾಗೆ.

"ಲಕ್ಷ್ಮಣಂದು 281" ಅಂದ. ಖರೆ ಮಾತು. 2001ರ ಮಾರ್ಚಿನಲ್ಲಿ ಕೋಲ್ಕತ್ತಾದಲ್ಲಿ ಫಾಲೋ ಆನ್ ಆದಮೇಲೆ ಲಕ್ಷ್ಮಣ್ 281, ದ್ರಾವಿಡ್ 180, ಜೊತೆಯಾಟ 376. ಸತತ 16 ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯಾ ಅಲ್ಲಿ ಸೋತಿತು. ಕಾರ್ಡು ಅಚ್ಚಾದದ್ದು ಅದಕ್ಕೂ ಮುಂಚೆ, ಸಿಡ್ನಿಯ 167ರ ಹೊತ್ತಿನದು. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಆ ಕಾರ್ಡು ನನಗೆ ಬೇಕಿತ್ತು.

"ಕಾರ್ಡಿನ ಮ್ಯಾಲ ಏನದ ಅದೇ ಖರೆ" ಅಂದೆ. ಆ ಕ್ಷಣದಲ್ಲೇ ಹುಟ್ಟಿದ ನಿಯಮ ಅದು. ಸುತ್ತ ಇದ್ದ ಹುಡುಗರು ನನ್ನ ಕಡೆ, ಯಾಕೆಂದರೆ ಬಾಲು ಬ್ಯಾಟು ನನ್ನವು. ಅವನು ಜಗಳ ಆಡಲಿಲ್ಲ. ಪಾಟಿಚೀಲದಿಂದ ಪೆನ್ನು ತೆಗೆದು, 167 ಹೊಡೆದು 281 ಬರೆದು ಕಾರ್ಡು ನನ್ನ ಕೈಗೆ ಇಟ್ಟ. "ತಗೋ. ನಿನ್ನ ಬಲ್ಲಿರ‍್ಲಿ, ಖರೇದಾದ್ರೂ ಇರ‍್ಲಿ" ಅಂದ.

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಅವನ ಹಳ್ಳಿಗೆ ನೀರು ನುಗ್ಗಿತು. ಸೊನ್ನ ಬ್ಯಾರೇಜಿನಿಂದ ಬಿಟ್ಟ ನೀರಿನ ಸುದ್ದಿ ಟಿವಿಯಲ್ಲಿ ನೋಡಿ ಫೋನ್ ಮಾಡಿದ್ದೆ. ಹೊಲದಾಗಿನ ತೊಗರಿ, ಮನೆಯಾಗಿನ ಜೋಳದ ಚೀಲ, ಮಾರ್ಕ್ಸ್ ಕಾರ್ಡು, ಮದುವೆ ಆಲ್ಬಮ್ಮು ಅಂತ ಒಂದೊಂದೇ ಹೇಳಿ, ಕೊನೆಗೆ, "ಆ ಕಾರ್ಡಿನ ಪೆಟ್ಟಿಗೀನೂ ಹೋಯ್ತಲೇ. ಎಲ್ಲಾ ಅಂಟಿ ಒಂದ ಇಟ್ಟಂಗಿ ಆಗ್ಯದ" ಅಂತ ನಕ್ಕಿದ್ದ. ನನಗೆ ನಗು ಬಂದಿರಲಿಲ್ಲ. ಅವನ ಸಣ್ಣತನದ ದಿನಗಳದು ಅಂತ ಉಳಿದಿದ್ದ ಒಂದೇ ವಸ್ತು ನನ್ನ ಡಬ್ಬಿಯಲ್ಲಿತ್ತು, ಅದೂ ನಾನು ಮೋಸದಿಂದ ಗೆದ್ದದ್ದು.

ಅವತ್ತೇ ಹೇಳಬೇಕಿತ್ತು. ಮೇಲೆ ಇಷ್ಟು ವರ್ಷ ಹೋಯಿತು.

ಈ ಸಲ ಪಾಡ್ಯದ ಮರುದಿನ ಡಬ್ಬಿ ಹಿಡಿದು ಅವನ ಊರಿಗೆ ಹೋದೆ. ಹೊಸ ಮನೆ ಸ್ವಲ್ಪ ಎತ್ತರದಲ್ಲಿ ಕಟ್ಟಿಕೊಂಡಿದ್ದಾನೆ. ಚಹಾ ಆದಮೇಲೆ ಲಕ್ಷ್ಮಣನನ್ನು ತೆಗೆದು ಅವನ ಮುಂದೆ ಇಟ್ಟೆ.

"ಇದು ನಿಂದು."

ಬಹಳ ಹೊತ್ತು ನೋಡಿದ. ಪೆನ್ನಿನ ಗೀಚಿನ ಮೇಲೆ ಬೆರಳಾಡಿಸಿದ. "ನೀ ಗೆದ್ದೀದಿ. ನಿಂದೇ ಅದ."

"ಮೋಸ ಮಾಡಿ ಗೆದ್ದಿದ್ದೆ."

"ಗೊತ್ತದ. ನನಗ ಅವತ್ತೇ ಗೊತ್ತಿತ್ತು."

ಇಬ್ಬರೂ ಸುಮ್ಮನೆ ಕೂತೆವು. ಹಿತ್ತಲಲ್ಲಿ ಅವನ ಮಗಳು ಆಕಳಿನ ಕರುವಿನ ಜೊತೆ ಏನೋ ಮಾತಾಡುತ್ತಿದ್ದಳು. ಆಮೇಲೆ ಅವನು ಪಾಲತಿ ಹಾಕಿ ಸರಿಯಾಗಿ ಕೂತ. "ಫುಕಟ್ ತಗೊಳ್ಳಂಗಿಲ್ಲ. ಆಡಿ ತಗೋತೀನಿ. ನೀ ಅಜರುದ್ದೀನ್‌ನ ತಗಿ."

ಡಬ್ಬಿಯಿಂದ ಅಜರುದ್ದೀನ್ ಹುಡುಕಿ ಕೈಯಲ್ಲಿ ಹಿಡಿದೆ.

"ಗರಿಷ್ಠ ರನ್" ಅಂತ ಕೂಗಿದ, ಆವಾಗಿನ ಹಂಗೇ. "281. ನಿಂದೆಷ್ಟು?"

"199."

"ಕಾರ್ಡಿನ ಮ್ಯಾಲ ಏನದ ಅದೇ ಖರೆ" ಅಂದವನೇ ನನ್ನ ಕೈಯಿಂದ ಅಜರುದ್ದೀನನನ್ನೂ ಕಿತ್ತುಕೊಂಡ. ಮಗಳನ್ನು ಕರೆದು ಎರಡೂ ಅವಳ ಕೈಗೆ ಕೊಟ್ಟ.

ನಿಮ್ಮ ಅಟ್ಟದ ಮೇಲೂ ಇಂಥ ಡಬ್ಬಿ ಇದ್ದರೆ ರಬ್ಬರ್ ಬ್ಯಾಂಡು ಮೊದಲು ಬಿಚ್ಚಿಬಿಡಿ, ಅಂಚು ಸೀಳುವುದು ಅದೇ. ಲ್ಯಾಮಿನೇಷನ್ ಮಾಡಿಸಬೇಡಿ, ಪ್ಲಾಸ್ಟಿಕ್ ಪಾಕೀಟಿನಲ್ಲಿ ಬಿಡಿಬಿಡಿಯಾಗಿ ಇಟ್ಟರೆ ಸಾಕು. ನೆಲದ ಮೇಲಂತೂ ಇಡಬೇಡಿ. ಮತ್ತೆ ಒಂದು ಸಲ ಎಲ್ಲವನ್ನೂ ಹರಡಿ ನೋಡಿ, ಯಾರದಾದರೂ ಕಾರ್ಡು ನಿಮ್ಮ ಹತ್ತಿರ ಉಳಿದಿದೆಯಾ ಅಂತ. ನನ್ನ ಡಬ್ಬಿಯಲ್ಲಿ ಈಗ 59 ಇವೆ. ಅವ್ವ ರದ್ದಿಯವನಿಗೆ ಹಾಕುವ ಮಾತು ಬಿಟ್ಟಿದ್ದಾಳೆ.