ರೋಗಿಯ ಬಳಿ ಣಮೋಕಾರ

ಕಾಯಿಲೆ ಬಿದ್ದವರ ಹಾಸಿಗೆಯ ಬಳಿ ಕುಳಿತು ಣಮೋಕಾರ ಮಂತ್ರವನ್ನೋ ಭಕ್ತಾಮರ ಸ್ತೋತ್ರವನ್ನೋ ಹೇಳುವುದು ಜೈನ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಮಾನತುಂಗಾಚಾರ್ಯರ ಆ ಸ್ತೋತ್ರದ 45ನೆಯ ಶ್ಲೋಕ ಜಲೋದರದಿಂದ ಬಾಗಿಹೋದ ರೋಗಿಯನ್ನೇ ಕುರಿತದ್ದು.

ಧ್ವನಿಗೆ ಈ ಬಲ ಎಲ್ಲಿಯದು? ಶಬ್ದವು ಆಕಾಶದ ಗುಣವೆಂದು ನೈಯಾಯಿಕರು ಹೇಳಿದರೆ, ಜಿನಾಗಮವು ಅದನ್ನು ಪುದ್ಗಲದ, ಎಂದರೆ ಮೂರ್ತವಾದ ಜಡದ್ರವ್ಯದ ಪರ್ಯಾಯವೆನ್ನುತ್ತದೆ. ಶರೀರವೂ ಪುದ್ಗಲವೇ. ನಾದವು ದೇಹವನ್ನು ತಟ್ಟುವುದರಲ್ಲಿ ಅಚ್ಚರಿಯೇನಿಲ್ಲ. ಕಾಯೋತ್ಸರ್ಗದಲ್ಲಿ ಒಂದು ಣಮೋಕಾರಕ್ಕೆ 3 ಉಚ್ಛ್ವಾಸದಂತೆ 9 ಬಾರಿಗೆ 27 ಉಚ್ಛ್ವಾಸಗಳ ಲೆಕ್ಕವಿದೆ. ಹಾಗೆ ಜಪಿಸುವವರ ಉಸಿರು ತಾನಾಗಿ ನಿಧಾನವಾಗುತ್ತದೆ. ನೋವಿನಲ್ಲೇ ನೆಟ್ಟಿದ್ದ ಮನಸ್ಸು ಸಡಿಲಗೊಳ್ಳುತ್ತದೆ. ವೇದನೆಯನ್ನೇ ಮತ್ತೆ ಮತ್ತೆ ಚಿಂತಿಸುವುದನ್ನು ತತ್ತ್ವಾರ್ಥಸೂತ್ರವು ಆರ್ತಧ್ಯಾನದಲ್ಲಿ ಎಣಿಸಿದೆ. ಸ್ತೋತ್ರದ ಮೊದಲ ಚಿಕಿತ್ಸೆ ಅದಕ್ಕೆ.

ಆದರೆ ಸ್ತೋತ್ರವನ್ನು ನೆಚ್ಚಿ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಗಳನ್ನೇ ಬಿಡುವವರಿದ್ದಾರೆ. ಇದನ್ನು ಪ್ರಮಾದವೆನ್ನದೆ ವಿಧಿಯಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ರಚಿಸಿ, ಮಾಂಸವನ್ನು ಬಳಸದ ಚಿಕಿತ್ಸೆಯನ್ನು ಪ್ರತಿಪಾದಿಸಿದರು. ಮಂತ್ರವೊಂದೇ ಸಾಕಾಗಿದ್ದರೆ ಆ ಮುನಿಗಳಿಗೆ ಅಷ್ಟು ಶ್ರಮವೇಕೆ ಬೇಕಿತ್ತು?

ಇನ್ನೊಂದು ಮಾತು. ಮೊಬೈಲಿನಲ್ಲಿ ಸ್ತೋತ್ರ ಹಚ್ಚಿಟ್ಟು ಮನೆಯವರು ತಮ್ಮ ಕೆಲಸಕ್ಕೆ ಹೋಗುವುದು ಈಗ ಕಾಣುತ್ತಿದೆ. ರೋಗಿ ಹಂಬಲಿಸುವುದು ಪರಿಚಿತ ಕಂಠಕ್ಕಾಗಿ. ಮಗನೋ ಸೊಸೆಯೋ, ರಾಗ ತಪ್ಪಿದರೂ ಚಿಂತೆಯಿಲ್ಲ, ಹತ್ತಿರ ಕುಳಿತು ಮೆಲುದನಿಯಲ್ಲಿ ಹೇಳಲಿ. ಅವರಿಗೆ ನಿದ್ದೆ ಹತ್ತಿದರೆ ನಿಲ್ಲಿಸಲಿ. ಎಚ್ಚರವಾದಾಗ ಮಾತ್ರೆಯ ಹೊತ್ತನ್ನೂ ನೆನಪಿಸಲಿ.